ಒಂದು ದಿನದ ಮುಷ್ಕರಕ್ಕೆ ಸರ್ಕಾರ ಯಾಕೆ ಬಗ್ಗುವುದಿಲ್ಲ?

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರ ಒಂದು ಗೇರುಬೀಜ ಕಾರ್ಖಾನೆಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಟ್ಟು 180 ಜನ ಇದ್ದೇವೆ, ಹೆಚ್ಚಿನವರು ಹೆಂಗಸರು. ಹೊಸ ಕಾರ್ಮಿಕ ಕಾನೂನಿನ ವಿರುದ್ಧ 2025ರ ಜುಲೈ 9ಕ್ಕೆ ನಡೆದ ದೇಶವ್ಯಾಪಿ ಮುಷ್ಕರಕ್ಕೆ ನಾವು 30 ಜನ ಕೆಲಸ ಬಿಟ್ಟು ಉಡುಪಿಗೆ ಹೋಗಿದ್ದೆವು. ಆ ದಿನದ ಸಂಬಳ ಹೋಯಿತು. ನವೆಂಬರ್‌ನಲ್ಲಿ ಅದೇ ಕಾನೂನು ಜಾರಿಗೂ ಬಂತು. 2016ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಎರಡೇ ದಿನ ರಸ್ತೆಗೆ ಇಳಿದದ್ದಕ್ಕೆ ಪಿಎಫ್ ನಿಯಮ ವಾಪಸ್ ಆಯಿತಂತೆ. ಅವರಿಗೆ ಬಗ್ಗಿದ ಸರ್ಕಾರ ನಮಗೆ ಯಾಕೆ ಬಗ್ಗಲಿಲ್ಲ? ಇನ್ನೊಮ್ಮೆ ಕರೆದರೆ ಹೋಗಬೇಕಾ? ಹೋದರೆ ಕೆಲಸ ಹೋಗುತ್ತದಾ?

ಉತ್ತರ: ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಕಾರ್ಮಿಕ ಕೇಸುಗಳನ್ನೇ ನಡೆಸಿಕೊಂಡು ಬಂದ ವಕೀಲ ನಾನು. ಯೂನಿಯನ್ ಪರ ನಿಂತದ್ದುಂಟು, ಆಡಳಿತದ ಪರ ನಿಂತದ್ದೂ ಉಂಟು. ಹಾಗಾಗಿ ಎರಡೂ ಕಡೆಯವರಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು ಇದೆ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಕಾನೂನಿನಲ್ಲಿ ಉತ್ತರ ಸಿಗುತ್ತದೆ. ಮೊದಲನೆಯದೇ ಕಷ್ಟದ್ದು.

ಇಷ್ಟು ವರ್ಷದಲ್ಲಿ ನನಗೆ ಅರ್ಥವಾದ ಒಂದು ಮಾತು ಹೇಳುತ್ತೇನೆ. ಪ್ರತಿಭಟನೆ ಆದಾಗ ನಾವೆಲ್ಲ ತಲೆ ಎಣಿಸುತ್ತೇವೆ, ಇಷ್ಟು ಸಾವಿರ ಜನ ಬಂದರು, ಅಷ್ಟು ಬಸ್ ನಿಂತಿತು ಅಂತ. ಸರ್ಕಾರ ದಿನ ಎಣಿಸುತ್ತದೆ. ಇದು ಎಷ್ಟು ದಿನ ನಡೆಯಬಹುದು, ಯಾವತ್ತು ಮುಗಿಯುತ್ತದೆ, ಅಲ್ಲಿಯವರೆಗೆ ತಡೆದುಕೊಳ್ಳಲು ಆಗುತ್ತದಾ, ಅಷ್ಟೇ ಲೆಕ್ಕ. ಜುಲೈ 9ರ ಮುಷ್ಕರ ಜುಲೈ 9ಕ್ಕೆ ಮುಗಿಯುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಸರ್ಕಾರಕ್ಕೂ ಗೊತ್ತಿತ್ತು.

ಅಂಥ ದಿನದ ತಯಾರಿ ಜಿಲ್ಲೆಯಲ್ಲಿ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡಿ. ಹಿಂದಿನ ವಾರವೇ ಸರ್ಕಾರಿ ನೌಕರರಿಗೆ ಸುತ್ತೋಲೆ ಬರುತ್ತದೆ, ಕೆಲಸಕ್ಕೆ ಬರದಿದ್ದರೆ ಸಂಬಳ ಇಲ್ಲ ಅಂತ. ಹಿಂದಿನ ಸಂಜೆ ಎಲ್ಲರ ಫೋನಿನಲ್ಲೂ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆ ಉಂಟಾ? ಬಸ್ ಉಂಟಾ? ನಮ್ಮ ಕರಾವಳಿಯಲ್ಲಿ ಬಂದ್ ಆಗುವುದೂ ಆಗದಿರುವುದೂ ಖಾಸಗಿ ಬಸ್ಸಿನ ಮೇಲೆ ನಿಂತಿದೆ. ಸಿಟಿ ಬಸ್ಸು, ಸರ್ವಿಸ್ ಬಸ್ಸು ಓಡಿದರೆ ಅಂಗಡಿ ತೆರೆಯುತ್ತದೆ, ಅಂಗಡಿ ತೆರೆದರೆ ಬಂದ್ ಮುಗಿದ ಹಾಗೆಯೇ. ಕ್ಲಾಕ್ ಟವರ್ ಹತ್ತಿರ ಒಂದಷ್ಟು ಪೊಲೀಸರು, ಒಂದು ವ್ಯಾನು, ಮೆರವಣಿಗೆ, ಭಾಷಣ, ಮನವಿ ಪತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಮೇಲಕ್ಕೆ ವರದಿ ಹೋಗುತ್ತದೆ, ಎಲ್ಲ ಶಾಂತ ಅಂತ. ಜುಲೈ 9ರಂದು ತಲಪಾಡಿಯ ಆಚೆ ಕೇರಳ ಬಹುತೇಕ ನಿಂತೇ ಹೋಗಿತ್ತು, ಈಚೆ ನಮ್ಮಲ್ಲಿ ಬಸ್ಸು ಓಡಿತು. ಗಡಿಯ ಎರಡೂ ಕಡೆ ಕಾನೂನು ಒಂದೇ, ಮುಷ್ಕರದ ಕರೆಯೂ ಒಂದೇ.

ಈಗ ಬೆಂಗಳೂರಿನ 2016ಕ್ಕೆ ಬರೋಣ. ಅದರಲ್ಲಿ ಕಲಿಯುವುದು ಜಾಸ್ತಿ ಇದೆ.

ಆ ವರ್ಷ ಫೆಬ್ರವರಿ 10ಕ್ಕೆ ಕೇಂದ್ರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ಪಿಎಫ್‌ನಲ್ಲಿ ತಮ್ಮ ಪಾಲು ಮಾತ್ರ ತೆಗೆಯಬಹುದು, ಮಾಲೀಕರ ಪಾಲು 58 ವರ್ಷ ಆಗುವವರೆಗೆ ಸಿಗುವುದಿಲ್ಲ ಅಂತ. ಆಫೀಸಿನಲ್ಲಿ ಕೂತು ಬರೆದವರಿಗೆ ಅದು ಮುದುಕರಾದ ಮೇಲಿನ ಉಳಿತಾಯ. ಹೊಲಿಗೆ ಮೆಷಿನ್ ಮುಂದೆ ಕೂತ ಹೆಂಗಸಿಗೆ ಅದು ಮಗಳ ಮದುವೆ, ಮನೆ ಬಾಡಿಗೆಯ ಅಡ್ವಾನ್ಸು, ಗಂಡನ ಆಸ್ಪತ್ರೆ ಖರ್ಚು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಕೆಲಸ ಮಾಡುತ್ತಾರೆ ಹೇಳಿ! ನಾಲ್ಕೈದು ವರ್ಷ ದುಡಿಯುವುದು, ಬಿಡುವುದು, ಪಿಎಫ್ ತೆಗೆದು ಸಾಲ ತೀರಿಸುವುದು, ಇನ್ನೊಂದು ಕಡೆ ಸೇರುವುದು. ಅವರ ಬದುಕಿನ ಲೆಕ್ಕವೇ ಹಾಗೆ.

ಏಪ್ರಿಲ್ 18ಕ್ಕೆ ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆ ಕಡೆಗೂ ಹಬ್ಬಿತು. ಲಕ್ಷಕ್ಕಿಂತ ಹೆಚ್ಚು ಜನ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಅನೇಕರ ಮೇಲೆ ಕೇಸಾಯಿತು. 19ರಂದು ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಹೇಳಿದ್ದು, ನಿಯಮವನ್ನು ಜುಲೈ 31ರವರೆಗೆ ಮುಂದೂಡುತ್ತೇವೆ ಅಂತ. ಜನ ಕದಲಲಿಲ್ಲ. ಅದೇ ದಿನ ಸಂಜೆ ಹೊತ್ತಿಗೆ ಪೂರ್ತಿ ರದ್ದು ಎಂದರು. ಮುಂದೂಡಿಕೆ ಮತ್ತು ರದ್ದಿನ ನಡುವೆ ಇದ್ದದ್ದು ಕೆಲವೇ ಗಂಟೆ.

ಇಲ್ಲಿ ಎಂತ ಆಯಿತು ನೋಡಿ. ಮಾತುಕತೆಗೆ ಕರೆಯೋಣ ಅಂದರೆ ಯಾರನ್ನು ಕರೆಯುವುದು? ಕರೆ ಕೊಟ್ಟ ದೊಡ್ಡ ಯೂನಿಯನ್ ಇರಲಿಲ್ಲ. ಹಿಡಿದು ಒಳಗೆ ಹಾಕೋಣ ಅಂದರೆ ನಾಯಕರಿಲ್ಲ. ಯಾವತ್ತು ಮುಗಿಯುತ್ತದೆ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಬೇಡಿಕೆ ಒಂದೇ, ಅದೂ ಒಂದು ವಾಕ್ಯದ್ದು: ನಮ್ಮ ದುಡ್ಡು ನಮಗೆ ಕೊಡಿ. ಇನ್ನೊಂದು ಮುಖ್ಯ ವಿಷಯ ಜನ ಮರೆಯುತ್ತಾರೆ. ಆ ನಿಯಮ ಬಂದದ್ದು ಒಂದು ಅಧಿಸೂಚನೆಯಿಂದ. ಒಂದು ಸಹಿಯಲ್ಲಿ ಬಂದದ್ದು ಇನ್ನೊಂದು ಸಹಿಯಲ್ಲಿ ಹೋಗುತ್ತದೆ, ಸಂಸತ್ತಿನ ಬಾಗಿಲು ತಟ್ಟಬೇಕಾಗಿಲ್ಲ, ಯಾರ ಮುಖವೂ ಅಷ್ಟೊಂದು ಹೋಗುವುದಿಲ್ಲ.

ನಿಮ್ಮ ಎದುರು ಇರುವುದು ಬೇರೆಯೇ ಪ್ರಾಣಿ. 29 ಕೇಂದ್ರ ಕಾರ್ಮಿಕ ಕಾನೂನುಗಳನ್ನು ಸೇರಿಸಿ ಮಾಡಿದ ನಾಲ್ಕು ಸಂಹಿತೆಗಳು, ಅಂದರೆ ಲೇಬರ್ ಕೋಡ್‌ಗಳು. ವೇತನದ್ದು 2019ರಲ್ಲಿ ಪಾಸಾಯಿತು. ಉಳಿದ ಮೂರು 2020ರ ಸೆಪ್ಟೆಂಬರ್ ಕೊನೆಯಲ್ಲಿ ಪಾಸಾದವು. ಆಗ ಕೊರೋನಾ ಕಾಲ, ಗುಂಪು ಸೇರುವ ಹಾಗಿಲ್ಲ, ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಕಲಾಪ ಬಹಿಷ್ಕರಿಸಿ ಹೊರಗಿದ್ದವು. ಆಮೇಲೆ ಐದು ವರ್ಷ ಸರ್ಕಾರ ಸುಮ್ನೆ ಕೂತಿತು. 2020ರ ನವೆಂಬರ್ 26ಕ್ಕೆ ದೇಶವ್ಯಾಪಿ ಮುಷ್ಕರ ಆಯಿತು, 2022ರ ಮಾರ್ಚ್‌ನಲ್ಲಿ ಎರಡು ದಿನದ್ದು, 2024ರ ಫೆಬ್ರವರಿಯಲ್ಲಿ ಒಂದು, ಮತ್ತೆ ನೀವು ಹೋದದ್ದು. ಪ್ರತಿ ಸಲವೂ ಸಂಜೆ ಆಯಿತು, ಮರುದಿನ ಬೆಳಗಾಯಿತು. ಕೊನೆಗೆ 2025ರ ನವೆಂಬರ್ 21ಕ್ಕೆ, ಬಿಹಾರ ಚುನಾವಣೆಯ ಫಲಿತಾಂಶ ಬಂದು ಸರಿಯಾಗಿ ಒಂದು ವಾರಕ್ಕೆ, ಸಂಸತ್ ಅಧಿವೇಶನ ಇಲ್ಲದ ದಿನ ನೋಡಿ, ನಾಲ್ಕೂ ಜಾರಿಗೆ ಬಂದವು. ಮದುವೆಗೂ ನಾವು ಇಷ್ಟು ಚೆನ್ನಾಗಿ ಮುಹೂರ್ತ ನೋಡಿಸುವುದಿಲ್ಲ!

ನಿಮಗೆ ಬಗ್ಗದೇ ಇರುವುದಕ್ಕೆ ಇನ್ನೂ ಒಂದು ಕಾರಣ ಇದೆ. ನಾಲ್ಕು ಸಂಹಿತೆಗಳು ಎಲ್ಲರನ್ನೂ ಒಂದೇ ಕಡೆ ಚುಚ್ಚುವುದಿಲ್ಲ. ಬಂದರಿನ ಕೆಲಸಗಾರನಿಗೆ ಒಂದು ಚಿಂತೆ, ಬೀಡಿ ಕಟ್ಟುವ ಅಮ್ಮನಿಗೆ ಇನ್ನೊಂದು (ಬೀಡಿ ಕಾರ್ಮಿಕರಿಗೆಂದೇ ಇದ್ದ 1966ರ ಕಾಯ್ದೆಯೂ ಈಗ ಸಂಹಿತೆಯ ಹೊಟ್ಟೆಗೆ ಹೋಗಿದೆ), ಊಟ ತಲುಪಿಸುವ ಬೈಕಿನ ಹುಡುಗನಿಗೆ ಅದರಲ್ಲಿ ಲಾಭವೂ ಉಂಟು, ಅವನ ಹೆಸರು ಮೊದಲ ಸಲ ಕಾನೂನಿನಲ್ಲಿ ಬಂದದ್ದು. ನಾನು ಸಂಹಿತೆಗಳನ್ನು ಪೂರ್ತಿ ಬೈಯುವವನಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, ಅವಧಿ ಒಪ್ಪಂದದ ಮೇಲೆ ಇರುವವರಿಗೂ ಒಂದು ವರ್ಷಕ್ಕೇ ಗ್ರಾಚ್ಯುಟಿ, ಇವೆಲ್ಲ ಒಳ್ಳೆಯದೇ. ಆದರೆ ಕಹಿಯೂ ಸಿಹಿಯೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟಾಗ ‘ಬೇಡ’ ಅನ್ನುವ ಬಾಯಿ ಒಂದಾಗುವುದು ಕಷ್ಟ. ದೊಡ್ಡ ಯೂನಿಯನ್‌ಗಳಲ್ಲೂ ಬಿಎಂಎಸ್ (ಭಾರತೀಯ ಮಜ್ದೂರ್ ಸಂಘ) ಈ ಮುಷ್ಕರಗಳಿಂದ ಹೊರಗೇ ಉಳಿಯಿತು.

ಹೊರದೇಶದಲ್ಲಿ ಬೇರೆ ಥರ ಇದೆಯಾ ಅಂದರೆ, ಇಲ್ಲ, ಲೆಕ್ಕ ಅದೇ. ಫ್ರಾನ್ಸ್‌ನಲ್ಲಿ 2006ರಲ್ಲಿ ಒಂದು ಕಾನೂನು ಬಂತು. 26ರೊಳಗಿನ ಹುಡುಗರನ್ನು ಕೆಲಸಕ್ಕೆ ಸೇರಿಸಿದ ಮೊದಲ ಎರಡು ವರ್ಷ ಕಾರಣ ಹೇಳದೆ ತೆಗೆಯಬಹುದು ಅಂತ. ವಿದ್ಯಾರ್ಥಿಗಳೂ ಯೂನಿಯನ್‌ಗಳೂ ಸೇರಿ ವಾರಗಟ್ಟಲೆ ಬಿಡಲಿಲ್ಲ. ಅಧ್ಯಕ್ಷ ಶಿರಾಕ್ ಕಾನೂನಿಗೆ ಸಹಿಯನ್ನೂ ಹಾಕಿ, ಇದನ್ನು ಬಳಸಬೇಡಿ ಎಂದೂ ಹೇಳಬೇಕಾಯಿತು. ಏಪ್ರಿಲ್ 10ಕ್ಕೆ ವಾಪಸ್. ಅದೇ ದೇಶದಲ್ಲಿ 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದಾಗ ಬೀದಿಗೆ ಬಂದವರು ಕಡಿಮೆಯೇನಲ್ಲ. ಆದರೆ ಇವತ್ತು ಒಂದು ದಿನ, ಮುಂದಿನ ವಾರ ಇನ್ನೊಂದು ದಿನ, ಹೀಗೆ ಬಿಟ್ಟು ಬಿಟ್ಟು. ಮ್ಯಾಕ್ರಾನ್ ಸರ್ಕಾರ ಕಾದು ಕೂತು, ಮತಕ್ಕೇ ಹಾಕದೆ ಸಂವಿಧಾನದ ಒಂದು ವಿಧಿ ಬಳಸಿ ಪಾಸು ಮಾಡಿಕೊಂಡಿತು. ಎರಡು ವರ್ಷ ಕಳೆದು, ಸರ್ಕಾರವೇ ಅಲ್ಲಾಡುತ್ತಿದ್ದಾಗ, ಅದನ್ನು ತಡೆಹಿಡಿಯಬೇಕಾಗಿ ಬಂತು ಅನ್ನುವುದು ಬೇರೆ ಮಾತು.

ದಕ್ಷಿಣ ಕೊರಿಯಾದ ಕತೆ ಇನ್ನೂ ಮಜಾ ಇದೆ. 1996ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ, ಬೆಳಕು ಹರಿಯುವ ಮೊದಲೇ ಆಡಳಿತ ಪಕ್ಷದವರು ಬಸ್ಸಿನಲ್ಲಿ ಗುಟ್ಟಾಗಿ ಬಂದು, ವಿರೋಧ ಪಕ್ಷದವರು ಏಳುವುದರೊಳಗೆ, ಕೆಲಸಗಾರರನ್ನು ತೆಗೆಯುವುದನ್ನು ಸುಲಭ ಮಾಡುವ ಕಾರ್ಮಿಕ ಕಾನೂನನ್ನು ಕೆಲವೇ ನಿಮಿಷದಲ್ಲಿ ಪಾಸು ಮಾಡಿ ಹೋದರು. ಅವತ್ತೇ ಶುರುವಾದ ಮುಷ್ಕರ ಜನವರಿ ಪೂರ್ತಿ ಅಲೆ ಅಲೆಯಾಗಿ ನಡೆಯಿತು. ಮಾರ್ಚ್‌ನಲ್ಲಿ ಕಾನೂನನ್ನು ಮತ್ತೆ ಬರೆಯಬೇಕಾಯಿತು. ಗೆದ್ದರಾ? ಗೆದ್ದರು. ಆ ವರ್ಷದ ಕೊನೆಗೆ ದೇಶ ಸಾಲದಲ್ಲಿ ಮುಳುಗಿ ಐಎಂಎಫ್ ಬಾಗಿಲಿಗೆ ಹೋಯಿತು. 1998ರ ಫೆಬ್ರವರಿಯಲ್ಲಿ, ಕಷ್ಟ ಬಂದಾಗ ಕೆಲಸಗಾರರನ್ನು ತೆಗೆಯುವ ಅದೇ ನಿಯಮ ಯೂನಿಯನ್‌ಗಳನ್ನೂ ಕೂರಿಸಿಕೊಂಡು ಒಳಗೆ ಬಂತು.

ಹಾಗಂತ ದಿನ ಜಾಸ್ತಿ ಆದರೆ ಗೆಲುವು ಗ್ಯಾರಂಟಿ ಅಂತ ಅಂದುಕೊಳ್ಳಬೇಡಿ. ನಮ್ಮೂರಿನವರೇ ಆದ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿ ಬೆಳೆದವರು, 1974ರಲ್ಲಿ ರೈಲ್ವೇ ಮುಷ್ಕರ ನಡೆಸಿದರು. ಮೇ 8ರಿಂದ 27ರವರೆಗೆ, ಸುಮಾರು 17 ಲಕ್ಷ ನೌಕರರು. ಇಪ್ಪತ್ತು ದಿನ ಅಂದರೆ ಸಣ್ಣದಲ್ಲ. ಆದರೆ ಇಂದಿರಾ ಗಾಂಧಿ ಸರ್ಕಾರ ಮುಷ್ಕರ ಶುರುವಾಗುವ ಮೊದಲೇ, ಮೇ 2ಕ್ಕೇ ಅವರನ್ನು ಹಿಡಿದಿತ್ತು. ಸಾವಿರಾರು ಜನರನ್ನು ಜೈಲಿಗೆ ಹಾಕಿತು. ಮತ್ತೆ ಕ್ವಾರ್ಟರ್ಸ್‌ನಿಂದ ಸಂಸಾರಗಳನ್ನು ಹೊರಗೆ ಹಾಕಿತು. ಲಾಠಿ ಏಟು ಗಂಡಸು ತಡೆದುಕೊಂಡಾನು. ಪಾತ್ರೆ ಪಗಡಿ ರಸ್ತೆಯಲ್ಲಿ ಬಿದ್ದಿರುವಾಗ, ಮಕ್ಕಳು ಅದರ ಮೇಲೆ ಕೂತು ಅಳುತ್ತಿರುವಾಗ, ಎಷ್ಟು ದಿನ? ಬೇಡಿಕೆ ಈಡೇರದೆಯೇ ಮುಷ್ಕರ ವಾಪಸ್ ಆಯಿತು.

ಹೊಡೆದು ಗೆದ್ದ ಸರ್ಕಾರ ಎಷ್ಟು ಗೆದ್ದ ಹಾಗೆ ಅನ್ನುವುದಕ್ಕೆ ಪಕ್ಕದ ತಮಿಳುನಾಡು ಇದೆ. 2003ರ ಜುಲೈಯಲ್ಲಿ ಜಯಲಲಿತಾ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಹಾಕಿ, ಮುಷ್ಕರ ಮಾಡಿದ 1.7 ಲಕ್ಷದಷ್ಟು ಸರ್ಕಾರಿ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದರು. ಸುಪ್ರೀಂ ಕೋರ್ಟ್ ಹೆಚ್ಚಿನವರನ್ನು ವಾಪಸ್ ತೆಗೆದುಕೊಳ್ಳುವ ಹಾಗೆ ಮಾಡಿತಾದರೂ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಎಂದೂ ಬರೆಯಿತು. ಆ ತೀರ್ಪನ್ನು ನಮ್ಮ ಎದುರು ಕಡೆಯ ವಕೀಲರು ಇಂದಿಗೂ ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಮುಂದಿನ ವರ್ಷ ಲೋಕಸಭೆ ಚುನಾವಣೆಯಲ್ಲಿ ಅಲ್ಲಿನ 39ರಲ್ಲಿ ಅವರ ಪಕ್ಷಕ್ಕೆ ಸಿಕ್ಕಿದ್ದು ಸೊನ್ನೆ. 2023ರಲ್ಲಿ ಅದೇ ರಾಜ್ಯದಲ್ಲಿ 12 ಗಂಟೆ ದುಡಿಮೆಯ ಮಸೂದೆ ಏಪ್ರಿಲ್ 21ಕ್ಕೆ ಪಾಸಾಗಿ, ಮೂರು ದಿನಕ್ಕೆ ತಡೆ ಬಿದ್ದು, ಮೇ ದಿನದಂದು ಸ್ಟಾಲಿನ್ ಬಾಯಲ್ಲೇ ವಾಪಸ್ ಆಯಿತು. ಬಹುಶಃ ಆ ಸೊನ್ನೆ ಯಾರಿಗೋ ನೆನಪಿತ್ತು.

ನಮ್ಮ ಕರ್ನಾಟಕ? 2020ರ ಮೇ ತಿಂಗಳಲ್ಲಿ ಕೆಲಸದ ಅವಧಿಯನ್ನು ದಿನಕ್ಕೆ 10 ಗಂಟೆ ಮಾಡಿದ ಅಧಿಸೂಚನೆ, ಕೇಸು ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ವಾಪಸ್ ಆಯಿತು. ಆದರೆ 2023ರ ಫೆಬ್ರವರಿಯಲ್ಲಿ, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂಬ ಕಾರ್ಖಾನೆ ತಿದ್ದುಪಡಿ ವಿಧಾನಸಭೆಯಲ್ಲಿ ಪಾಸಾದದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬೊಬ್ಬೆಯೇ ಇಲ್ಲ. ನನ್ನನ್ನು ಕೇಳಿದರೆ ಅಶ್ರುವಾಯುವಿಗಿಂತ ಹೆದರಬೇಕಾದ್ದು ಇಂಥದ್ದಕ್ಕೆ.

ಮಾತಾಡಿ ಕಾನೂನು ಮಾಡುವ ಜಾಗ ಇಲ್ಲವಾ ಅಂದರೆ, ಇದೆ. ಸರ್ಕಾರ, ಮಾಲೀಕರು, ಯೂನಿಯನ್ ಮೂವರೂ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಅಂತ ಒಂದಿದೆ. ಕೊನೆಯ ಸಲ ಅದು ಸೇರಿದ್ದು 2015ರಲ್ಲಿ. ಅಷ್ಟು ದೊಡ್ಡ ಕಾನೂನು ಬಂದದ್ದು ಆಮೇಲೆ. ಆ ಬಾಗಿಲು ಮುಚ್ಚಿ, ಜನ ಬೀದಿಗೆ ಬಂದರು ಎಂದು ದೂರುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಅಡ್ಡಮಾತು. ಕಾನೂನಿನ ವಿರುದ್ಧ ಮುಷ್ಕರ ಮಾಡುವವರು ಕೆಲಸಗಾರರು ಮಾತ್ರ ಅಂತ ಭಾವಿಸಬೇಡಿ. 1966ರ ಬೀಡಿ ಕಾಯ್ದೆಯನ್ನು ಕೇರಳ ಜಾರಿ ಮಾಡಲು ಹೊರಟಾಗ, ಖರ್ಚು ಜಾಸ್ತಿ ಆಗುತ್ತದೆ ಎಂದು ಮಂಗಳೂರಿನ ಮಾಲೀಕರು 1968ರಲ್ಲಿ ಕಣ್ಣೂರಿನ ಕಡೆಯ ಕೆಲಸವನ್ನೇ ನಿಲ್ಲಿಸಿ ಬಂದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅಲ್ಲಿನ ಸರ್ಕಾರ ಬಗ್ಗದೆ ಮರುವರ್ಷ ಕೆಲಸಗಾರರದ್ದೇ ಸಹಕಾರ ಸಂಘ ಕಟ್ಟಿಸಿತು, ಅದೇ ದಿನೇಶ್ ಬೀಡಿ. ಬಗ್ಗದಿರುವುದೂ ಕೆಲವು ಸಲ ಒಳ್ಳೆಯದೇ, ಅಲ್ವಾ?

ಸರಿ, ಈಗ ನಿಮ್ಮ ವಿಷಯ.

ಜುಲೈ 9ಕ್ಕೂ ಇವತ್ತಿಗೂ ಕಾನೂನು ಬದಲಾಗಿದೆ. ಮೊದಲು 14 ದಿನದ ನೋಟಿಸ್ ಕಡ್ಡಾಯ ಇದ್ದದ್ದು ನೀರು, ಕರೆಂಟು, ಸಾರಿಗೆಯಂಥ ಸಾರ್ವಜನಿಕ ಸೇವೆಗಳಿಗೆ. ಈಗ ಗೇರುಬೀಜ ಕಾರ್ಖಾನೆಗೂ ಬೇಕು. ನೋಟಿಸ್ ಕೊಟ್ಟ ಮೇಲೆ ಲೇಬರ್ ಆಫೀಸಿನವರು ಸಂಧಾನಕ್ಕೆ ಕರೆಯುತ್ತಾರೆ. ಮೊದಲ ಸಭೆ ನಡೆದ ದಿನದಿಂದ ಸಂಧಾನ ಶುರುವಾದ ಹಾಗೆ. ಅದು ನಡೆಯುತ್ತಿರುವಾಗ ಮತ್ತು ಮುಗಿದು ಏಳು ದಿನ ಮುಷ್ಕರ ಮಾಡುವ ಹಾಗಿಲ್ಲ. ನಾನು ಆ ಸಭೆಗಳಲ್ಲಿ ಕೂತು ಕೂತು ಕೂದಲು ಬೆಳ್ಳಗಾದವನು. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ತಾಗಿ ಕಟ್ಟು ಕಟ್ಟು ಫೈಲು. ಆಡಳಿತದ ಕಡೆಯಿಂದ ಬಂದವನು, ‘ನಿರ್ಧಾರ ಮಾಡುವವರು ಊರಲ್ಲಿಲ್ಲ ಸರ್, ಒಂದು ಡೇಟ್ ಕೊಡಿ’ ಅನ್ನುತ್ತಾನೆ. ಅಧಿಕಾರಿ ಕ್ಯಾಲೆಂಡರ್ ನೋಡುತ್ತಾರೆ. ಚಾ ಬರುತ್ತದೆ. ಮುಂದಿನ ಡೇಟಿಗೆ ಸಹಿ ಹಾಕಿ ಎದ್ದು ಬರುವುದು. ಹೀಗೆ ಎರಡು ಡೇಟ್ ಆಗುವಾಗ ದೆಹಲಿಯಿಂದ ಕರೆದ ಮುಷ್ಕರದ ದಿನ ಕಳೆದೇ ಹೋಗಿರುತ್ತದೆ. ಕಾನೂನಿನಲ್ಲಿ ಮುಷ್ಕರ ಬೇಡ ಎಂದು ಎಲ್ಲೂ ಬರೆದಿಲ್ಲ, ಕ್ಯಾಲೆಂಡರ್ ಬರೆದಿದೆ ಅಷ್ಟೇ.

ಎಲ್ಲರೂ ಸೇರಿ ರಜೆ ಹಾಕಿದರೆ? ಅದನ್ನೂ ಯೋಚಿಸಿಯೇ ಬರೆದಿದ್ದಾರೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಕ್ಯಾಶುವಲ್ ರಜೆ ಹಾಕಿದರೆ ಅದೂ ಮುಷ್ಕರವೇ. ನಿಮ್ಮಲ್ಲಿ ಅರ್ಧ ಅಂದರೆ 90. ನೀವು 30 ಜನ ರಜೆ ಕೇಳಿ, ಮಂಜೂರಾಗಿ, ಹೋದರೆ ಈ ವಾಕ್ಯದ ಕೆಳಗೆ ಬರುವುದಿಲ್ಲ. ರಜೆ ಮಂಜೂರಾದದ್ದು ಬರವಣಿಗೆಯಲ್ಲಿ ಇರಲಿ, ಸೂಪರ್‌ವೈಸರ್ ತಲೆ ಅಲ್ಲಾಡಿಸಿದ್ದು ಸಾಕಾಗುವುದಿಲ್ಲ.

ಅಕ್ರಮ ಮುಷ್ಕರಕ್ಕೆ ಕೆಲಸಗಾರರಿಗೆ ದಂಡ 1,000ದಿಂದ 10,000 ರೂಪಾಯಿ, ಅಥವಾ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಪ್ರಚೋದಿಸಿದವರಿಗೆ ದಂಡ 50,000ದವರೆಗೆ ಹೋಗುತ್ತದೆ. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸ್ ಇಲ್ಲದೆ ಬರದಿದ್ದರೆ, ನೇಮಕದ ಷರತ್ತಿನಲ್ಲಿ ಹಾಗೆ ಇದ್ದರೆ, ಎಂಟು ದಿನದವರೆಗಿನ ಸಂಬಳ ಹಿಡಿಯಲೂ ದಾರಿ ಇದೆ. ಇದು ಹಳೆಯ ಕಾನೂನಿನಲ್ಲೂ ಇತ್ತು. ಆದರೆ ಒಂದು ದಿನ ಬರಲಿಲ್ಲ ಎಂದು ವಿಚಾರಣೆಯೇ ಇಲ್ಲದೆ ಕೆಲಸದಿಂದ ತೆಗೆದರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅದಕ್ಕೆ ಹೆದರಬೇಡಿ.

ಹೋಗಬೇಕಾ ಅಂತ ಕೇಳಿದಿರಿ. ಒಂದು ದಿನದ ಮುಷ್ಕರ ಅಂದರೆ ಹಾಜರಿ ಹಾಕಿದ ಹಾಗೆ. ನಾವು ಇದ್ದೇವೆ ಅಂತ ತೋರಿಸುವುದು. ಅದಕ್ಕೂ ಬೆಲೆ ಇದೆ, ಇಲ್ಲದಿದ್ದರೆ ಸರ್ಕಾರ ಐದು ವರ್ಷ ಕಾಯುತ್ತಿರಲಿಲ್ಲ. ಆದರೆ ಅದರಿಂದ ಕಾನೂನು ವಾಪಸ್ ಆಗುತ್ತದೆ ಎಂದು ಹೋಗಬೇಡಿ, ಆಮೇಲೆ ಬೇಸರ ಆಗುತ್ತದೆ. ನಾನಾಗಿದ್ದರೆ ನೋಟಿಸ್ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು, ಸಂಧಾನ ಶುರುವಾಗದಿದ್ದರೆ ಹೋಗುತ್ತಿದ್ದೆ.

ನಿಮ್ಮ ನಿಜವಾದ ಅಪಾಯ ಬೇರೆ ಕಡೆ ಇದೆ. ನೀವು 180 ಜನ. ಮೊದಲು 100 ಮತ್ತು ಅದಕ್ಕಿಂತ ಹೆಚ್ಚು ಜನ ಇದ್ದ ಕಾರ್ಖಾನೆ ಮುಚ್ಚಲು, ಜನ ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಗೆರೆ 300ಕ್ಕೆ ಹೋಗಿದೆ. ಅಂದರೆ ಮಾಲೀಕರು ಯಾರನ್ನೂ ಕೇಳಬೇಕಾಗಿಲ್ಲ. ತೆಗೆದರೆ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ನಿಮಗೆ 11 ವರ್ಷಕ್ಕೆ 165 ದಿನದ ಸಂಬಳ.

ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಹೊಸ ಕಾನೂನಿನ ಪ್ರಕಾರ ನೇಮಕಾತಿ ಪತ್ರ ಕೇಳಿ, ಒಬ್ಬೊಬ್ಬರೇ ಬೇಡ, ಹತ್ತಿಪ್ಪತ್ತು ಜನ ಒಟ್ಟಿಗೆ ಕೇಳಿ. ಕೊಟ್ಟಾಗ ಸೇರಿದ ತಾರೀಕು ಮೊದಲು ನೋಡಿ. ಈ ವರ್ಷದ ತಾರೀಕು ಹಾಕಿ ಹೊಸದಾಗಿ ಸೇರಿದ ಹಾಗೆ ಬರೆದಿದ್ದರೆ ಸಹಿ ಹಾಕಬೇಡಿ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಹಳೆಯ ಪಿಎಫ್ ಚೀಟಿ, ಇಎಸ್ಐ ಕಾರ್ಡು ಏನಿದೆಯೋ ಹುಡುಕಿ ಒಂದು ಕವರಿಗೆ ಹಾಕಿ, ಯೂನಿಯನ್‌ನವರಿಗೋ ವಕೀಲರಿಗೋ ತೋರಿಸಿ. ನನಗೆ ಕಳಿಸಿದರೂ ಆಯಿತು, ನೋಡಿ ಹೇಳುತ್ತೇನೆ.